ಫೋನ್ ರಿಂಗ್ ಆದರೆ ಎದೆ ಧಸಕ್ ಅನ್ನುತ್ತದೆ, ಕೆಲಸ ಬಿಡಲಾ?

ಪ್ರಶ್ನೆ: ನನಗೆ 25 ವರ್ಷ. ಬಿ.ಕಾಂ ಮುಗಿಸಿ ದಾವಣಗೆರೆಯ ಒಂದು ಹೋಲ್‌ಸೇಲ್ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕೌಂಟರ್‌ಗೆ ಬಂದ ಗಿರಾಕಿಗಳ ಹತ್ತಿರ ಆರಾಮಾಗಿ ಮಾತಾಡುತ್ತೇನೆ. ಆದರೆ ಫೋನ್ ಅಂದರೆ ಆಗಲ್ಲ. ಕಾಲೇಜಿನಿಂದಲೂ ಹೀಗೇ. ಮೂರು ತಿಂಗಳಿಂದ ಸಾಹುಕಾರರು ಬಾಕಿ ಕೇಳಲು ಪಾರ್ಟಿಗಳಿಗೆ ಫೋನ್ ಮಾಡುವ ಕೆಲಸವನ್ನೂ ನನಗೇ ಕೊಟ್ಟಿದ್ದಾರೆ. ನಂಬರ್ ಒತ್ತುವ ಮೊದಲೇ ಕೈ ಬೆವರುತ್ತದೆ, ಗಂಟಲು ಒಣಗುತ್ತದೆ. ಮೊನ್ನೆ ಹರಪನಹಳ್ಳಿಯ ಒಬ್ಬರು ಫೋನ್ ಎತ್ತಿ "ಯಾರು?" ಅಂದ ಕೂಡಲೇ ನನ್ನ ಹೆಸರೇ ಬಾಯಿಗೆ ಬರಲಿಲ್ಲ, ಕಟ್ ಮಾಡಿಬಿಟ್ಟೆ. ಅವರು ವಾಪಸ್ ಮಾಡಿದರು, ಎತ್ತಲಿಲ್ಲ. ಸೂರತ್‌ನಿಂದ ಹಿಂದಿಯಲ್ಲಿ ಫೋನ್ ಬಂದರಂತೂ ಗೋಡೌನ್ ಕಡೆ ಹೋಗಿಬಿಡುತ್ತೇನೆ. ಮನೆಯಲ್ಲಿ ಡಾಕ್ಟರ್ ಹತ್ತಿರ ಹೆಸರು ಬರೆಸುವುದರಿಂದ ಹಿಡಿದು ಎಲ್ಲ ಫೋನೂ ತಮ್ಮನೇ ಮಾಡುತ್ತಾನೆ. ಚಿಕ್ಕಮ್ಮ, ಸೋದರತ್ತೆ ಎಲ್ಲ "ಇವಳಿಗೆ ಸೊಕ್ಕು, ಫೋನೇ ಎತ್ತಲ್ಲ" ಅನ್ನುತ್ತಾರೆ. ಈಗ ಗಂಡು ನೋಡುತ್ತಿದ್ದಾರೆ, ಹುಡುಗನ ಜೊತೆ ಫೋನಲ್ಲಿ ಮಾತಾಡು ಅಂತ ಒತ್ತಾಯ. ಇದು ಕಾಯಿಲೆನಾ? ಕೆಲಸ ಬಿಟ್ಟುಬಿಡಲಾ?

ಉತ್ತರ: ಕೆಲಸ ಬಿಡಬೇಡಿ. ಮಿಕ್ಕಿದ್ದೆಲ್ಲ ಆಮೇಲೆ ಮಾತಾಡೋಣ, ಮೊದಲು ಇದು. ನಿಮಗೆ ಬರುವ ಕೆಲಸ, ನೀವು ಚೆನ್ನಾಗಿ ಮಾಡುವ ಕೆಲಸ. ಅದರ ಒಂದು ಭಾಗ ಮಾತ್ರ ನಿಮ್ಮನ್ನು ಹೆದರಿಸುತ್ತಿದೆ. ಈಗ ಬಿಟ್ಟರೆ ಒಂದೆರಡು ವಾರ ಹಾಯಾಗಿ ಇರುತ್ತದೆ, ನಿಜ. ಮುಂದಿನ ಕೆಲಸದ ಇಂಟರ್‌ವ್ಯೂಗೆ ಕರೆಯುವವರೂ ಫೋನ್ ಮಾಡಿಯೇ ಕರೆಯುತ್ತಾರೆ ಅಲ್ವಾ?

ಎರಡನೆಯದು, ಇದು ಸೊಕ್ಕಲ್ಲ. ಇದನ್ನು ನಿಮಗಿಂತ ಜಾಸ್ತಿ ನಿಮ್ಮ ಮನೆಯವರಿಗೆ ಹೇಳಬೇಕು ಅನ್ನಿಸುತ್ತದೆ. ಫೋನ್ ಎತ್ತದವರನ್ನು ನಮ್ಮ ಕಡೆ ಬಹಳ ಬೇಗ ತೂಗಿಬಿಡುತ್ತಾರೆ. "ದೊಡ್ಡ ಮನುಷ್ಯಳಾಗಿದ್ದಾಳೆ", "ನಮ್ಮ ನಂಬರ್ ನೋಡಿದ್ರೆ ಎತ್ತಲ್ಲ". ನನ್ನ ಹತ್ತಿರ ಇದೇ ತೊಂದರೆ ಹೇಳಿಕೊಂಡು ಬರುವವರಲ್ಲಿ ಬಹಳಷ್ಟು ಜನ ಫೋನಿನ ಭಯಕ್ಕಿಂತ ಈ ಮಾತಿನಿಂದಲೇ ಹೆಚ್ಚು ನೊಂದಿರುತ್ತಾರೆ. ಚಿಕ್ಕಮ್ಮನ ಮಿಸ್ಡ್ ಕಾಲ್ ನೋಡಿಕೊಂಡು, ಮಾಡಬೇಕು ಮಾಡಬೇಕು ಅಂದುಕೊಂಡು, ರಾತ್ರಿ ಆಗಿ, ಇನ್ನು ಈಗ ಮಾಡಿದರೆ ಏನಂದುಕೊಳ್ಳುತ್ತಾರೋ ಅಂತ ಬಿಟ್ಟು, ಮರುದಿನ ಇನ್ನೂ ಜಾಸ್ತಿ ಮುಜುಗರವಾಗಿ, ಕೊನೆಗೆ ಅವರ ಮನೆಯ ಗೃಹಪ್ರವೇಶಕ್ಕೂ ಹೋಗಲು ಮುಖವಿಲ್ಲದ ಹಾಗೆ ಆಗುವ ಹುಡುಗಿಗೆ ಸೊಕ್ಕು ಅನ್ನಬಾರದು. ಆ ಹುಡುಗಿ ಚಿಕ್ಕಮ್ಮ ಏನಂದುಕೊಳ್ಳುತ್ತಾರೆ ಅನ್ನುವುದನ್ನು ಅತಿಯಾಗಿ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ.

ಕೌಂಟರ್‌ನಲ್ಲಿ ಚೆನ್ನಾಗಿ ಮಾತಾಡುವ ನಿಮಗೆ ಫೋನಲ್ಲಿ ಯಾಕೆ ಆಗುವುದಿಲ್ಲ? ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಫೋನ್ ಮಾತು ನಿಜಕ್ಕೂ ಕಷ್ಟದ ಮಾತು. ಎದುರಿಗೆ ಗಿರಾಕಿ ನಿಂತಿದ್ದಾಗ ಅವರ ಕಣ್ಣು, ಹುಬ್ಬು, ಬಟ್ಟೆ ಮುಟ್ಟುವ ಕೈ, ತಲೆ ಆಡಿಸುವುದು ಎಲ್ಲ ಕಾಣುತ್ತದೆ. ರೇಟ್ ಹೇಳಿದ ಕೂಡಲೇ ಅವರಿಗೆ ಜಾಸ್ತಿ ಅನ್ನಿಸಿತೋ ಇಲ್ಲವೋ ಅವರು ಬಾಯಿ ಬಿಡುವ ಮೊದಲೇ ನಿಮಗೆ ಗೊತ್ತಾಗುತ್ತದೆ. ಫೋನಲ್ಲಿ ಇದೆಲ್ಲ ಹೋಗಿ ಬರೀ ದನಿ ಉಳಿಯುತ್ತದೆ. ಆ ದನಿಯೂ ಪೂರ್ತಿ ಬರುವುದಿಲ್ಲ. ಹಳೆಯ ಟೆಲಿಫೋನ್ ಲೈನು ಸುಮಾರು 300ರಿಂದ 3,400 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ವರೆಗಿನ ದನಿಯನ್ನು ಮಾತ್ರ ಸಾಗಿಸುತ್ತಿತ್ತು. ಸ, ಶ, ಫ ಇಂಥ ಅಕ್ಷರಗಳನ್ನು ಬೇರೆ ಬೇರೆ ಅಂತ ತೋರಿಸುವ ಸದ್ದು ಬಹಳಷ್ಟು ಅದಕ್ಕಿಂತ ಮೇಲಿರುತ್ತದೆ. ಈಗಿನ ವೋಲ್ಟಿ ಕರೆಗಳಲ್ಲಿ, ಅಂದರೆ 4ಜಿ ಮೇಲೆಯೇ ಹೋಗುವ ಕರೆಗಳಲ್ಲಿ, 7,000 ಹರ್ಟ್ಸ್ ತನಕ ಬರಬಹುದು, ಆದರೆ ಅದಕ್ಕೆ ಎರಡೂ ಕಡೆ ಸಿಗ್ನಲ್ ಚೆನ್ನಾಗಿರಬೇಕು. ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ನಿಂತವರ ಮಾತು ನಿಮಗೆ ಅರ್ಧ ಕೇಳಿಸಲಿಲ್ಲ ಅಂದರೆ ಅದು ನಿಮ್ಮ ದಡ್ಡತನ ಅಲ್ಲ.

ಇನ್ನೊಂದು, ಮೌನ. ಒಬ್ಬರು ಮಾತು ಮುಗಿಸಿ ಇನ್ನೊಬ್ಬರು ಶುರು ಮಾಡುವ ನಡುವೆ ಎಷ್ಟು ಹೊತ್ತು ಬಿಡುತ್ತಾರೆ ಎಂದು 2009ರಲ್ಲಿ 10 ಭಾಷೆಗಳಲ್ಲಿ ಅಳೆದು ನೋಡಿದ್ದರು. ಕನ್ನಡ ಅದರಲ್ಲಿ ಇರಲಿಲ್ಲ. ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸಿನಲ್ಲಿ ಬಂತು, ಅಂದರೆ 200 ಮಿಲಿಸೆಕೆಂಡ್. ನಮ್ಮ ಕಿವಿ ಅಷ್ಟು ಚುರುಕಾಗಿ ಉತ್ತರ ಕಾಯುತ್ತದೆ. ಮೊಬೈಲಿನಲ್ಲಿ ದನಿ ಟವರ್‌ನಿಂದ ಟವರ್‌ಗೆ ಹೋಗಿ ಬರುವಷ್ಟರಲ್ಲೇ ಅಷ್ಟು ಹೊತ್ತು ಕಳೆದುಹೋಗಬಹುದು. ಆ ಚೂರು ತಡವನ್ನು ಹೆದರಿದ ಮನಸ್ಸು "ಅವರಿಗೆ ಸಿಟ್ಟು ಬಂತು" ಎಂದು ಓದಿಕೊಳ್ಳುತ್ತದೆ. ಆ ಕಡೆ ಅವರು ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಾಯಿಸುತ್ತಿರಬಹುದು, ಗಿರಾಕಿಗೆ ಚಿಲ್ಲರೆ ಎಣಿಸಿ ಕೊಡುತ್ತಿರಬಹುದು. ನಿಮಗೆ ಕಾಣುವುದಿಲ್ಲ. ಕಾಣದ ಜಾಗವನ್ನೆಲ್ಲ ಭಯ ತುಂಬುತ್ತದೆ.

ಈಗ ಹರಪನಹಳ್ಳಿಯ ಆ ಕರೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಅವರು "ಯಾರು?" ಅಂದರು, ನಿಮ್ಮ ಹೆಸರು ಬಾಯಿಗೆ ಬರಲಿಲ್ಲ. ಎಮ್ಯಾನುಯೆಲ್ ಶೆಗ್ಲಾಫ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಫೋನ್ ಮಾತು ಹೇಗೆ ಶುರುವಾಗುತ್ತದೆ ಎಂಬುದರ ಮೇಲೆಯೇ 1968ರಲ್ಲಿ ಒಂದು ಪ್ರಬಂಧ ಬರೆದರು. ರಿಂಗ್ ಆಗುವುದು ಕೂಗಿದ ಹಾಗೆ, ಹಲೋ ಅನ್ನುವುದು ಓಗೊಟ್ಟ ಹಾಗೆ, ಕೂಗಿದವರೇ ಮುಂದಿನ ಮಾತು ಆಡಬೇಕು ಅನ್ನುವುದು ಅದರ ತಿರುಳು. ಅಂದರೆ ಫೋನ್ ಮಾಡಿದವರ ಮೇಲೆ ಮೊದಲ ಎರಡು ಮೂರು ಸೆಕೆಂಡಿನಲ್ಲೇ ಒಂದು ಹೊರೆ ಬೀಳುತ್ತದೆ, ನಾನು ಯಾರು, ಯಾಕೆ ಮಾಡಿದೆ ಎಂದು ಹೇಳುವ ಹೊರೆ. ಕೌಂಟರ್‌ನಲ್ಲಿ ಈ ಹೊರೆ ನಿಮಗಿಲ್ಲ. ಅಲ್ಲಿ ಬಂದವರು ತಾವೇ ಶುರು ಮಾಡುತ್ತಾರೆ, ನೀವು ಕೂತ ಜಾಗವೇ ನೀವು ಯಾರು ಎಂದು ಹೇಳುತ್ತದೆ. ಹಾಗಾಗಿ ನಿಮಗೆ ಮಾತು ಬರುವುದಿಲ್ಲ ಅನ್ನುವುದು ಸುಳ್ಳು. ಒಂದು ಕರೆಯ ಮೊದಲ ಹತ್ತು ಸೆಕೆಂಡ್ ನಿಮಗೆ ಕಷ್ಟ. ಅದನ್ನು ತಯಾರಿ ಮಾಡಿಕೊಳ್ಳಬಹುದು.

ಆ ಹತ್ತು ಸೆಕೆಂಡಿನಲ್ಲಿ ನಿಮ್ಮ ಗಮನ ಎಲ್ಲಿತ್ತು ಎಂದು ನೆನಪು ಮಾಡಿಕೊಳ್ಳಿ. ನನ್ನ ಊಹೆ, ನಿಮ್ಮ ಮೇಲೆಯೇ ಇತ್ತು. ನನ್ನ ದನಿ ನಡುಗುತ್ತಿದೆಯಾ, ಗಂಟಲು ಒಣಗಿದ್ದು ಗೊತ್ತಾಗುತ್ತಾ, ಪಕ್ಕದಲ್ಲಿ ಥಾನು ಬಿಚ್ಚುತ್ತಿರುವ ಹುಡುಗರು ಕೇಳಿಸಿಕೊಳ್ಳುತ್ತಿದ್ದಾರಾ, ಸಾಹುಕಾರರು ನೋಡುತ್ತಿದ್ದಾರಾ. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನಃಶಾಸ್ತ್ರಜ್ಞರು 1995ರಲ್ಲಿ ಈ ಭಯ ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ತೋರಿಸಿದರು, ಇವತ್ತಿಗೂ ನಾವು ಚಿಕಿತ್ಸೆ ಮಾಡುವುದು ಹೆಚ್ಚಾಗಿ ಅದೇ ದಾರಿಯಲ್ಲಿ. ಗಮನ ಒಳಗೆ ತಿರುಗಿದಷ್ಟೂ ಹೊರಗಿನ ಮಾತು ಕಿವಿಗೆ ಬೀಳುವುದಿಲ್ಲ. ಅವರು ಏನಂದರು ಎಂಬುದೇ ತಪ್ಪಿಹೋಗುತ್ತದೆ. ತಪ್ಪಿಹೋದಾಗ ಇನ್ನೂ ಗಾಬರಿ. ಕರೆ ಮುಗಿದ ಮೇಲೆ ರಾತ್ರಿ ಮಲಗಿ ಅದನ್ನೇ ಮತ್ತೆ ಮತ್ತೆ ಓಡಿಸಿ ನೋಡುತ್ತೀರಿ. ಹಾಗೆ ನೋಡುವಾಗ ನೆನಪಿಗೆ ಬರುವುದೂ ನಿಮ್ಮ ತಡವರಿಕೆ ಮಾತ್ರ, ಆ ಕಡೆಯವರು ಅದನ್ನು ಗಮನಿಸಲೇ ಇಲ್ಲ ಎಂಬುದು ನೆನಪಿಗೆ ಬರುವುದಿಲ್ಲ, ಯಾಕೆಂದರೆ ನೀವು ಆಗ ಅವರ ಕಡೆ ಇರಲೇ ಇಲ್ಲ.

ಆದರೆ ಭಯ ಹುಟ್ಟುವುದು ಒಂದು, ಅದು ವರ್ಷಗಟ್ಟಲೆ ಉಳಿಯುವುದು ಇನ್ನೊಂದು. ಕಾಲೇಜಿನಿಂದ ಇವತ್ತಿನವರೆಗೆ ಇದನ್ನು ಉಳಿಸಿರುವುದು ಯಾವುದು ಗೊತ್ತಾ? ನೀವು ಬದುಕಿಕೊಳ್ಳಲು ಮಾಡುವ ಸಣ್ಣ ಸಣ್ಣ ಉಪಾಯಗಳು. ಕಟ್ ಮಾಡುವುದು. ಆಮೇಲೆ ಕೇಳಿದರೆ "ನೆಟ್‌ವರ್ಕ್ ಇರಲಿಲ್ಲ" ಅನ್ನುವುದು. ಫೋನ್ ಬದಲು ವಾಟ್ಸಾಪ್. ಗೋಡೌನ್. ತಮ್ಮ. ಇವೆಲ್ಲ ಆ ಕ್ಷಣಕ್ಕೆ ಕೆಲಸ ಮಾಡುತ್ತವೆ, ಅದೇ ತೊಂದರೆ. ಕಟ್ ಮಾಡಿದ ಕೂಡಲೇ ಎದೆ ಹಗುರಾಗುತ್ತದೆ, ಆ ಹಗುರವನ್ನು ಮೆದುಳು ಬಹುಮಾನ ಅಂತ ಇಟ್ಟುಕೊಳ್ಳುತ್ತದೆ, ಮುಂದಿನ ಸಲ ಇನ್ನೂ ಬೇಗ ಕಟ್ ಮಾಡು ಅನ್ನುತ್ತದೆ. ಇವತ್ತು ತಪ್ಪಿಸಿಕೊಂಡ ಫೋನು ಉದ್ರಿ ಬರೆಸಿದ ಹಾಗೆ, ಬಡ್ಡಿ ಸಮೇತ ನಾಳೆಯ ಖಾತೆಗೆ ಬರುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹರಪನಹಳ್ಳಿಯವರು ನಿಜವಾಗಿ ಏನು ಹೇಳುತ್ತಿದ್ದರು ಎಂಬುದು ನಿಮಗೆ ಗೊತ್ತಾಗಲೇ ಇಲ್ಲ. ಬೈಯುತ್ತಿದ್ದರು ಅಂತ ನೀವು ನಂಬಿಕೊಂಡಿದ್ದೀರಿ. ಆ ನಂಬಿಕೆ ಸುಳ್ಳಾಗುವ ಅವಕಾಶವನ್ನು ನೀವೇ ಕಿತ್ತುಕೊಂಡಿರಿ. ಧೈರ್ಯ ಬಂದ ಮೇಲೆ ಫೋನ್ ಮಾಡುತ್ತೇನೆ ಅಂದರೆ ಆ ದಿನ ಬರುವುದಿಲ್ಲ. ಫೋನ್ ಮಾಡಿದ ಮೇಲೆ ಧೈರ್ಯ ಬರುತ್ತದೆ, ಅದೂ ಚೂರು ಚೂರಾಗಿ.

ಹಾಗಂತ ನಾಳೆಯೇ ಅತಿ ಹಳೇ ಬಾಕಿ, ಅತಿ ಒರಟು ಮಾತಿನ ಪಾರ್ಟಿಗೆ ಫೋನ್ ಹಚ್ಚಿ ಅಂತ ನಾನು ಹೇಳುವುದಿಲ್ಲ. ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಿ. ನಿಮ್ಮ ಹೆಸರು ಯಾರಿಗೂ ಬೇಡದ, ಅರ್ಧ ನಿಮಿಷದಲ್ಲಿ ಮುಗಿಯುವ ಕರೆಗಳು. ಮೆಡಿಕಲ್ ಶಾಪ್‌ಗೆ ಫೋನ್ ಮಾಡಿ ಅಮ್ಮನ ಬಿಪಿ ಮಾತ್ರೆ ಇದೆಯಾ ಅಂತ ಕೇಳುವುದು. ಬೆಣ್ಣೆ ದೋಸೆ ಹೋಟೆಲ್‌ಗೆ ಮಾಡಿ ಸೋಮವಾರ ತೆಗೆದಿರುತ್ತಾರಾ ಅಂತ ಕೇಳುವುದು. ಟೈಲರ್‌ಗೆ ಮಾಡಿ ಬ್ಲೌಸ್ ಆಯ್ತಾ ಅಂತ ಕೇಳುವುದು. ನಿಜವಾಗಿ ಬೇಕಾದ್ದನ್ನೇ ಕೇಳಿ, ಸುಮ್ನೆ ಯಾರ ಸಮಯವನ್ನೂ ಹಾಳು ಮಾಡಬೇಡಿ. ಒಂದು ದಿನ ಒಂದು ಕರೆ ಮಾಡಿ ವಾರ ಬಿಟ್ಟರೆ ಪ್ರಯೋಜನವಿಲ್ಲ. ಒಂದೇ ದಿನ ನಾಲ್ಕೈದು ಮಾಡಿ, ಮರುದಿನ ಮತ್ತೆ ಮಾಡಿ, ಅದು ಬೇಜಾರು ಅನ್ನಿಸುವ ತನಕ. ಬೇಜಾರು ಬಂತು ಅಂದರೆ ಭಯ ಇಳಿದಿದೆ ಅಂತ ಅರ್ಥ, ಆಗ ಮುಂದಿನ ಮೆಟ್ಟಿಲು. ಗೆಳತಿಗೆ ಮೆಸೇಜ್ ಬದಲು ಕರೆ. ಚಿಕ್ಕಮ್ಮನಿಗೆ ಕರೆ. ಆಮೇಲೆ ಅಂಗಡಿಯ ಕರೆಗಳಲ್ಲಿ ಸುಲಭದವು, ಪಾರ್ಸೆಲ್ ಬಂತಾ ಅಂತ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಕೇಳುವುದು, ಯಾವಾಗಲೂ ನಗುನಗುತ್ತಾ ಮಾತಾಡುವ ಪಾರ್ಟಿಗೆ ಹೊಸ ಮಾಲು ಬಂದಿದೆ ಎಂದು ತಿಳಿಸುವುದು. ಬಾಕಿ ಕೇಳುವುದು ಇದೆಲ್ಲ ಆದ ಮೇಲೆ.

ಪ್ರತಿ ಕರೆಗೂ ಮುಂಚೆ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ, ಏನಾಗುತ್ತದೆ ಅಂತ ಹೆದರಿಕೆ? "ಅವರು ಬೈದು ಇಡುತ್ತಾರೆ, ನೂರಕ್ಕೆ ಎಂಬತ್ತು ಖಾತ್ರಿ." ಕರೆ ಮುಗಿದ ಕೂಡಲೇ ಪಕ್ಕದಲ್ಲಿ ಆದದ್ದನ್ನು ಬರೆಯಿರಿ. "ಸಂಜೆ ಬಾ, ಆಗಿರುತ್ತೆ ಅಂದರು." ಅಷ್ಟೇ. ನನಗೆ ಹೇಗನ್ನಿಸಿತು ಅಂತ ಬೇಡ, ಏನಾಯಿತು ಅಂತ ಬರೆಯಿರಿ. ಲೆಕ್ಕ ಬರೆಯುವವರು ನೀವು, ಎರಡು ಕಾಲಂ ಹೊಂದುತ್ತಿಲ್ಲ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೈದವರು ಒಬ್ಬಿಬ್ಬರು ಇದ್ದೇ ಇರುತ್ತಾರೆ, ಅದನ್ನೂ ಬರೆಯಿರಿ. ಬೈದ ಮೇಲೆ ನೀವು ಏನು ಮಾಡಿದಿರಿ ಎಂಬುದನ್ನೂ ಬರೆಯಿರಿ, ಅದು ಜಾಸ್ತಿ ಮುಖ್ಯ.

ಇದು ಬರೀ ನಿಮ್ಮೊಬ್ಬರ ಅಂದಾಜಿನ ತಪ್ಪಲ್ಲ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಬಹಳ ದಿನದಿಂದ ಮಾತಿಲ್ಲದ ಹಳೆಯ ಗೆಳೆಯರನ್ನು ಕೆಲವರು ಇಮೇಲ್ ಮೂಲಕ, ಕೆಲವರು ಫೋನ್ ಮೂಲಕ ಮಾತಾಡಿಸುವಂತೆ ಮಾಡಿದರು. ಫೋನ್ ಆದರೆ ಮುಜುಗರವಾಗುತ್ತದೆ ಎಂದು ಜನ ಮೊದಲೇ ಅಂದುಕೊಂಡಿದ್ದರು. ಮಾತಾಡಿದ ಮೇಲೆ ನೋಡಿದರೆ ಮುಜುಗರ ಜಾಸ್ತಿಯೇನೂ ಆಗಿರಲಿಲ್ಲ, ಆದರೆ ದನಿ ಕೇಳಿದವರಿಗೆ ಗೆಳೆಯ ಹೆಚ್ಚು ಹತ್ತಿರವಾದ ಹಾಗೆ ಅನ್ನಿಸಿತ್ತು. ಭಯದ ಕಾಯಿಲೆ ಇಲ್ಲದ ಜನರ ಅಂದಾಜೇ ಇಷ್ಟು ತಪ್ಪಿದರೆ ನಿಮ್ಮದು ಇನ್ನಷ್ಟು ತಪ್ಪಿರುತ್ತದೆ.

ಕರೆಯ ಮಾತನ್ನು ಪೂರ್ತಿ ಬರೆದುಕೊಂಡು ಓದಬೇಡಿ. ಬಹಳ ಜನ ಹಾಗೆ ಮಾಡುತ್ತಾರೆ, ಆ ಕಡೆಯವರು ಬರೆದಿದ್ದರಲ್ಲಿ ಇಲ್ಲದ ಒಂದು ಮಾತು ಕೇಳಿದರೆ ಅಲ್ಲಿಗೆ ನಿಂತುಬಿಡುತ್ತಾರೆ. ಒಂದು ಚೀಟಿಯಲ್ಲಿ ಮೂರೇ ವಿಷಯ ಇರಲಿ: ಅಂಗಡಿಯ ಹೆಸರು, ಬಿಲ್ ನಂಬರ್ ಮತ್ತು ಮೊತ್ತ, ಅವರಿಂದ ಏನು ಬೇಕು. ಲೆಡ್ಜರ್ ಪಕ್ಕ ಅದನ್ನಿಟ್ಟುಕೊಳ್ಳಿ. ಮೊದಲ ವಾಕ್ಯ ಮಾತ್ರ ಬಾಯಿಪಾಠ ಇರಲಿ, ಅವರು ಯಾರು ಅಂತ ಕೇಳುವ ಮೊದಲೇ ನೀವೇ ಹೇಳಿಬಿಡಿ. "ನಮಸ್ಕಾರ ರೀ ಅಣ್ಣಾರೆ, ದಾವಣಗೆರೆ ಬಟ್ಟೆ ಅಂಗಡಿಯಿಂದ ಮಾತಾಡ್ತಿರೋದು, ಹೋದ ತಿಂಗಳ ಬಿಲ್ಲಿಂದು 18,000 ಬಾಕಿ ಐತಲ್ಲ, ಯಾವತ್ತು ಹಾಕ್ತೀರಿ?" ಕೊನೆಯ ಪ್ರಶ್ನೆಯಲ್ಲಿ ದಿನ ಕೇಳಿದ್ದೀರಿ, ದುಡ್ಡು ಕೊಡ್ತೀರಾ ಇಲ್ವಾ ಅಂತ ಕೇಳಿಲ್ಲ. ಕೇಳಿದ ಮೇಲೆ ಸುಮ್ಮನಿರಿ. ಇದು ಅತಿ ಕಷ್ಟದ ಜಾಗ. ಮೌನ ತಡೆಯಲಾಗದೆ "ಪರವಾಗಿಲ್ಲ ಬಿಡಿ, ನಿಧಾನಕ್ಕೆ ಹಾಕಿ" ಅಂತ ನಾವೇ ಹೇಳಿಬಿಡುತ್ತೇವೆ. ಹೇಳಬೇಡಿ. ಅವರು ಯೋಚನೆ ಮಾಡಲಿ.

ಅವರು ಹೇಳುವುದು ಏನು ಅಂತ ನಿಮಗೂ ಗೊತ್ತು. "ಮಳಿ ಇಲ್ಲ, ಯಾಪಾರ ಇಲ್ಲಮ್ಮ", "ಮೆಕ್ಕೆಜೋಳದ ರೊಕ್ಕ ಬರ್ಲಿ", "ಜಾತ್ರಿ ಮುಗೀಲಿ". ಈ ಮಾತುಗಳು ನಿಮ್ಮ ಮೇಲಿನ ಸಿಟ್ಟಲ್ಲ. ಹಳ್ಳಿಯ ಅಂಗಡಿಯವರು ರೈತರಿಗೆ ಉದ್ರಿ ಕೊಟ್ಟಿರುತ್ತಾರೆ, ರೈತರ ಕೈಗೆ ದುಡ್ಡು ಬರುವುದು ಜೋಳ ಮಾರಿದ ಮೇಲೆ, ಆ ಸರಪಳಿಯ ಕೊನೆಯಲ್ಲಿ ನೀವು ಫೋನ್ ಹಿಡಿದು ಕೂತಿದ್ದೀರಿ. "ಆಯ್ತ್ರಿ, ಹಂಗಾದ್ರೆ ಅರ್ಧ ಈ ಶನಿವಾರ ಅಂತ ಬರ್ಕೊಳ್ಳಾ?" ಅಂದರೆ ಸಾಕು. ದುಡ್ಡು ಕೇಳುವುದು ಯಾರಿಗೂ ಸಲೀಸಲ್ಲ, ಭಯವೇ ಇಲ್ಲದ ಗಟ್ಟಿ ಜನ ಸಹ ಕೊಟ್ಟ ಸಾಲ ವಾಪಸ್ ಕೇಳಲು ಹಿಂದೆಮುಂದೆ ನೋಡುತ್ತಾರೆ. ಆದ್ದರಿಂದ ನಿಮ್ಮ ಸಂಕಟದಲ್ಲಿ ಎಷ್ಟು ಫೋನಿನದು, ಎಷ್ಟು ಬಾಕಿ ಕೇಳುವುದರದು ಎಂದು ಬೇರೆ ಮಾಡಿ ನೋಡಿ. ಎರಡನೆಯದು ಭಯದ ಕಾಯಿಲೆ ಅಲ್ಲ, ಕಲಿಯಬೇಕಾದ ಕಸುಬು. ನಿಮ್ಮ ಸಾಹುಕಾರರು ಫೋನಲ್ಲಿ ಬಾಕಿ ಕೇಳುವಾಗ ಪಕ್ಕದಲ್ಲಿ ಕೂತು ಎರಡು ದಿನ ಕೇಳಿಸಿಕೊಳ್ಳಿ. ಅವರೂ ಒಂದೇ ಮಾತನ್ನು ಎಷ್ಟು ಸಲ ಹೇಳುತ್ತಾರೆ ನೋಡಿ.

ಕೇಳಿಸದಿದ್ದರೆ "ಇನ್ನೊಂದ್ಸಲ ಹೇಳ್ರಿ" ಅನ್ನಿ. ಊಹೆ ಮಾಡಿ ಹೂಂ ಅನ್ನಬೇಡಿ. ಮೊತ್ತ, ತಾರೀಕು ಎರಡನ್ನೂ ನೀವು ತಿರುಗಿ ಹೇಳಿ. ಇದು ಗಮನವನ್ನು ನಿಮ್ಮ ಗಂಟಲಿನಿಂದ ತೆಗೆದು ಅವರ ಮಾತಿನ ಮೇಲೆ ಇಡುತ್ತದೆ. ಕಣ್ಣು ಚೀಟಿಯ ಮೇಲಿರಲಿ, ಕೈಯಲ್ಲಿ ಪೆನ್ ಇರಲಿ. ಮುಗಿಸುವುದು ಗೊತ್ತಾಗದೆ ಒದ್ದಾಡುವವರೂ ಇದ್ದಾರೆ, ಅದಕ್ಕೆ "ಸರಿ ಅಣ್ಣಾರೆ, ಶನಿವಾರ ನೋಡ್ತೀನಿ, ಇಡ್ಲಾ?" ಇಷ್ಟು ಸಾಕು. ಕೈ ನಡುಗಿದರೆ ನಡುಗಲಿ. ನಂಬರ್ ಒತ್ತುವ ಮೊದಲು ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದನ್ನು ಒಂದು ನಿಮಿಷ ಮಾಡಿ, ಎದೆಬಡಿತ ಸ್ವಲ್ಪ ತಗ್ಗುತ್ತದೆ. ಪೂರ್ತಿ ಹೋಗುವ ತನಕ ಕಾಯಬೇಡಿ, ನಡುಗುವ ಕೈಯಲ್ಲೇ ಒತ್ತಿ. ಕರೆ ಶುರುವಾದ ಸ್ವಲ್ಪ ಹೊತ್ತಿಗೆ ಅದು ತಾನೇ ಇಳಿಯಲು ಶುರುವಾಗುತ್ತದೆ, ನಡುವೆ ಕಟ್ ಮಾಡಿದರೆ ಆ ಇಳಿತ ನಿಮಗೆ ಯಾವತ್ತೂ ಗೊತ್ತಾಗುವುದಿಲ್ಲ.

ಸೂರತ್ ಕರೆಗಳ ವಿಷಯ ಸ್ವಲ್ಪ ಬೇರೆ. ಅಲ್ಲಿ ಭಯದ ಜೊತೆ ಭಾಷೆಯೂ ಇದೆ. ಬಟ್ಟೆ ವ್ಯಾಪಾರದ ಹಿಂದಿ ದೊಡ್ಡ ಹಿಂದಿಯಲ್ಲ, ಮಾಲ್, ಪೇಮೆಂಟ್, ಬಿಲ್ಟಿ (ಲಾರಿಗೆ ಹಾಕಿದ ಮಾಲಿನ ರಸೀದಿ), ಅದರ ಮೇಲಿನ ಎಲ್‌ಆರ್ ನಂಬರ್, ಇಷ್ಟರಲ್ಲೇ ಸುತ್ತುತ್ತದೆ. "ಹಿಂದಿ ಕಮ್ ಆತಾ ಹೈ ಭಾಯ್, ಧೀರೇ ಬೋಲಿಯೇ", "ಎಲ್‌ಆರ್ ನಂಬರ್ ವಾಟ್ಸಾಪ್ ಕರ್ ದೀಜಿಯೇ", ಈ ಎರಡು ವಾಕ್ಯ ಬಾಯಿಗೆ ಬಂದರೆ ಮುಕ್ಕಾಲು ಕರೆ ಮುಗಿಯುತ್ತದೆ. ಇಲ್ಲಿ ವಾಟ್ಸಾಪ್ ಕೇಳುವುದು ತಪ್ಪಿಸಿಕೊಳ್ಳುವುದಲ್ಲ. ನಂಬರ್, ಮೊತ್ತ, ವಿಳಾಸ ಇಂಥದ್ದು ಬರಹದಲ್ಲೇ ಇರಬೇಕು. ಮಾತಾಡಿ ಆಮೇಲೆ ಮೆಸೇಜ್ ಹಾಕಿದರೆ ಅದು ಕೆಲಸದ ಶಿಸ್ತು. ಮಾತಾಡಬಾರದು ಎಂದೇ ಮೆಸೇಜ್ ಹಾಕಿದರೆ ಭಯ. ಯಾವುದು ಯಾವುದು ಅಂತ ನಿಮ್ಮ ಮನಸ್ಸಿಗೆ ಗೊತ್ತಿರುತ್ತದೆ.

ಸಾಹುಕಾರರ ಹತ್ತಿರ ಒಂದು ಮಾತು ಆಡಿ. ಕಾಯಿಲೆ, ಭಯ ಅಂತೆಲ್ಲ ವಿವರಿಸಬೇಕಾಗಿಲ್ಲ. "ಬಾಕಿ ಫೋನ್‌ಗಳನ್ನ ಬೆಳಗ್ಗೆ ಹನ್ನೊಂದರಿಂದ ಹನ್ನೆರಡು ಒಂದೇ ಸಲ ಮಾಡ್ತೀನಿ, ಆ ಹೊತ್ತು ಒಳಗಿನ ಟೇಬಲ್‌ನಲ್ಲಿ ಕೂತ್ಕೋತೀನಿ" ಅನ್ನಿ. ಗದ್ದಲದಲ್ಲಿ ಎಲ್ಲರ ಮುಂದೆ ಮಾತಾಡುವುದು ಕೊನೆಯ ಮೆಟ್ಟಿಲು, ಅದನ್ನು ಮೊದಲ ದಿನವೇ ಹತ್ತಬೇಕಾಗಿಲ್ಲ. ಆದರೆ ಒಂದೆರಡು ತಿಂಗಳಾದ ಮೇಲೆ ಹೊರಗಿನ ಟೇಬಲ್‌ಗೂ ಬನ್ನಿ.

ನಿಮ್ಮ ತಮ್ಮನಿಗೆ: ಅಕ್ಕನ ಮೇಲಿನ ಪ್ರೀತಿಯಿಂದ ನೀನು ಮಾಡುವ ಫೋನು ಅಕ್ಕನ ಭಯವನ್ನು ಸಾಕುತ್ತಿದೆ ಮಾರಾಯ. ಒಂದೇ ದಿನ ಕೈ ಬಿಡಬೇಡ. ಪಕ್ಕದಲ್ಲಿ ಕೂತುಕೋ, ನಂಬರ್ ಅವಳೇ ಒತ್ತಲಿ, ಅವಳೇ ಮಾತಾಡಲಿ, ನಡುವೆ ಫೋನ್ ಕಸಿದುಕೊಳ್ಳಬೇಡ. ಮುಂದಿನ ವಾರ ಪಕ್ಕದ ಕೋಣೆಯಲ್ಲಿರು. ಅದರ ಮುಂದಿನ ವಾರ ಮನೆಯಲ್ಲೇ ಇರಬೇಡ.

ಹಿರಿಯರಿಗೂ ಒಂದು ಮಾತು. ಮೊದಲು ಟ್ರಂಕ್ ಕಾಲ್ ಬಂದರೆ ಮನೆಯವರೆಲ್ಲ ಎದ್ದು ನಿಲ್ಲುತ್ತಿದ್ದರು, ಯಾರಿಗೆ ಏನಾಯ್ತೋ ಅಂತ. ಸಾವಿನ ಸುದ್ದಿಯೇ ಹಾಗೆ ಬರುತ್ತಿತ್ತು. ಆ ಧಸಕ್ ನಿಮಗೂ ಗೊತ್ತು. ಮಗಳಿಗೆ ಅದು ಪ್ರತಿ ರಿಂಗ್‌ಗೂ ಆಗುತ್ತಿದೆ ಅಂದುಕೊಳ್ಳಿ. ಹುಡುಗನ ಜೊತೆ ಮಾತಾಡಿಸುವ ವಿಷಯಕ್ಕೆ ಬಂದರೆ, ಇದು ಪರೀಕ್ಷೆ ಆಗಬಾರದು. ಮೊದಲು ಎದುರಾಎದುರು ಭೇಟಿ ಮಾಡಿಸಿ, ಮನೆಯಲ್ಲೋ, ಗ್ಲಾಸ್ ಹೌಸ್‌ನಲ್ಲೋ, ದೇವಸ್ಥಾನದಲ್ಲೋ. ಮುಖ ನೋಡಿ ಮಾತಾಡಿದವರ ಜೊತೆ ಆಮೇಲೆ ಫೋನಲ್ಲಿ ಮಾತಾಡುವುದು ಎಷ್ಟೋ ಹಗುರ. ಪ್ರಶ್ನೆ ಕೇಳಿದ ನೀವೇ ಆ ಹುಡುಗನಿಗೆ "ನನಗೆ ಫೋನಲ್ಲಿ ಮಾತು ಸ್ವಲ್ಪ ಕಷ್ಟ, ಎದುರಿಗೆ ಸಿಕ್ಕರೆ ಚೆನ್ನಾಗಿ ಮಾತಾಡ್ತೀನಿ" ಅಂತ ಒಂದು ಮೆಸೇಜ್ ಹಾಕಿ. ಅದಕ್ಕೆ ಅವನು ಏನು ಉತ್ತರ ಕೊಡುತ್ತಾನೆ ಅನ್ನುವುದು ನಿಮಗೆ ಅವನ ಬಗ್ಗೆ ಬಹಳಷ್ಟು ಹೇಳುತ್ತದೆ.

ಗುರುತಿಲ್ಲದ ನಂಬರ್‌ಗಳನ್ನು ಎತ್ತದಿರುವುದನ್ನು ಮಾತ್ರ ಈ ಭಯದ ಲೆಕ್ಕಕ್ಕೆ ಸೇರಿಸಬೇಡಿ. 140ರಿಂದ ಶುರುವಾಗುವ ನಂಬರ್‌ಗಳು ಮಾರಾಟದ ಕರೆಗಳು, ಬಿಟ್ಟರೆ ಏನೂ ನಷ್ಟವಿಲ್ಲ. ಪೊಲೀಸ್, ಸಿಬಿಐ ಅಂತ ಹೇಳಿ ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಅನ್ನುವವರು ಬಂದರೆ ಕಟ್ ಮಾಡುವುದೇ ಸರಿ, ಅಂಥ ಬಂಧನವೇ ಕಾನೂನಿನಲ್ಲಿ ಇಲ್ಲ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಬೇಕು. ಯಾರಾದರೂ ಮತ್ತೆ ಮತ್ತೆ ಫೋನ್ ಮಾಡಿ ಪೀಡಿಸುತ್ತಿದ್ದು ಅದರಿಂದಲೇ ಈ ಭಯ ಶುರುವಾಗಿದ್ದರೆ ಅದನ್ನು ನೀವೊಬ್ಬರೇ ಇಟ್ಟುಕೊಳ್ಳಬೇಡಿ, ಮನೆಯಲ್ಲಿ ಹೇಳಿ, ಪೊಲೀಸರಿಗೆ ಹೇಳಿ. ಅದಕ್ಕೆ ಧೈರ್ಯದ ಅಭ್ಯಾಸ ಮದ್ದಲ್ಲ.

ಇನ್ನು ಕಾಯಿಲೆನಾ ಅನ್ನುವ ಪ್ರಶ್ನೆ. ಪತ್ರ ಓದಿ ಕಾಯಿಲೆಗೆ ಹೆಸರಿಡಲು ಆಗುವುದಿಲ್ಲ. ಜನರ ಎದುರಿನ ಭಯ ಆರು ತಿಂಗಳಿಗಿಂತ ಜಾಸ್ತಿ ಇದ್ದು, ಕೆಲಸ, ಓದು, ಸಂಬಂಧಗಳಿಗೆ ನಿಜವಾಗಿ ಅಡ್ಡ ಬರುತ್ತಿದ್ದರೆ ಅದನ್ನು ಸೋಶಿಯಲ್ ಆಂಗ್ಸೈಟಿ ಅನ್ನುತ್ತೇವೆ. ನಿಮಗೆ ವರ್ಷಗಳಿಂದ ಇದೆ, ಕೆಲಸಕ್ಕೆ ಅಡ್ಡ ಬರುತ್ತಿದೆ, ಹಾಗಾಗಿ ತೋರಿಸಿಕೊಳ್ಳುವುದು ಒಳ್ಳೆಯದು. ಕೆಲವು ವಿಷಯಗಳನ್ನು ನೀವು ಬರೆದಿಲ್ಲ. ಮಾತು ತೊದಲುತ್ತದೆಯಾ? ತೊದಲುವವರಿಗೆ ಫೋನಲ್ಲಿ ಸ್ವಂತ ಹೆಸರು ಹೇಳುವುದೇ ಅತಿ ಕಷ್ಟ, ಹಾಗಿದ್ದರೆ ವಾಕ್ ಚಿಕಿತ್ಸಕರನ್ನು ನೋಡಬೇಕು, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಅದಕ್ಕಾಗಿಯೇ ಜನ ಇದ್ದಾರೆ. ಒಂದು ಕಿವಿ ಮಂದವಾ? ಆ ಕಿವಿಗೆ ಫೋನ್ ಹಿಡಿಯುತ್ತೀರಾ? ಮೊದಲು ಕಿವಿ ಪರೀಕ್ಷೆ ಮಾಡಿಸಿ. ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆಯಾ? ಹಾಗಿದ್ದರೆ ಈ ಮೆಟ್ಟಿಲುಗಳನ್ನೆಲ್ಲ ಬದಿಗಿಟ್ಟು ಇವತ್ತೇ ವೈದ್ಯರನ್ನು ನೋಡಿ.

ಈ ಭಯಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಮೊದಲ ಆಯ್ಕೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ಮೇಲೆ ಹೇಳಿದ್ದೆಲ್ಲ ಅದರದೇ ತುಂಡುಗಳು. ಬೇಕಾದವರಿಗೆ ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್‌ನಂಥ ಮಾತ್ರೆ ಕೊಡುತ್ತಾರೆ, ಅದು ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ. ಗೆಳತಿ ಹೇಳಿದಳು ಅಂತ ಆಲ್ಪ್ರಜೋಲಾಮ್ ಎಂಬ ಗಾಬರಿ ತಗ್ಗಿಸುವ ಮಾತ್ರೆ ನುಂಗಿ ಫೋನ್ ಮಾಡಬೇಡಿ, ಅದು ಚಟವಾಗುತ್ತದೆ, ಮಾತ್ರೆ ಇದ್ದರೆ ಮಾತ್ರ ಆಗುತ್ತದೆ ಅನ್ನುವ ಹೊಸ ಭಯ ಸೇರಿಕೊಳ್ಳುತ್ತದೆ. ನಡುಕಕ್ಕೆ ಕೊಡುವ ಪ್ರೊಪ್ರನೊಲಾಲ್ ಆಸ್ತಮಾ ಇದ್ದವರಿಗೆ ಅಪಾಯ.

ತೋರಿಸಿಕೊಳ್ಳಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. 1985ರಿಂದ 1990ರ ತನಕ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲೇ ಊರೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಎಂದು ಮಾಡಿ ತೋರಿಸಿದರು, 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋವೈದ್ಯರ ವಿಭಾಗಕ್ಕೆ ಅಂತ ಹೇಳಿ ಚೀಟಿ ಮಾಡಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಕೂಡ ಇದೆ, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಹಗಲು ರಾತ್ರಿ, ಕನ್ನಡದಲ್ಲಿ, ದುಡ್ಡಿಲ್ಲದೆ. ಅದಕ್ಕೆ ಫೋನ್ ಮಾಡಬೇಕಲ್ಲ ಎಂದು ನಿಮಗೆ ಸಂಕಟ ಆಗುತ್ತಿರಬಹುದು. ಅಲ್ಲಿ ಕೂತವರಿಗೆ ತಡವರಿಸಿ ಮಾತಾಡುವವರು ಹೊಸಬರಲ್ಲ, ಮೊದಲ ವಾಕ್ಯವೇ "ನನಗೆ ಫೋನಲ್ಲಿ ಮಾತಾಡಕ್ಕೆ ಭಯ" ಅಂತ ಇರಲಿ. ಅದೂ ಈಗ ಆಗದಿದ್ದರೆ ಆ ಕರೆಯನ್ನು ನಿಮ್ಮ ಮೆಟ್ಟಿಲುಗಳ ನಡುವೆ ಎಲ್ಲಾದರೂ ಇಟ್ಟುಕೊಂಡು, ಮೊದಲು ಆಸ್ಪತ್ರೆಗೆ ನೇರ ಹೋಗಿ. ಎರಡು ಕಾಲಂನ ನೋಟ್‌ಬುಕ್ಕನ್ನು ಜೊತೆಗೆ ಒಯ್ಯಿರಿ, ಒಂದು ವಾರದ್ದೇ ಇದ್ದರೂ ಸಾಕು, ವೈದ್ಯರಿಗೆ ಅದರಿಂದ ಬಹಳ ಉಪಯೋಗ ಆಗುತ್ತದೆ.